ಮೂರು ಹೊಸ ಮಣೆಯಾಟಗಳು

ಜರ್ಮನಿಯ ಎಸ್ಸೆನ್ ಪಟ್ಟಣದಲ್ಲಿ ಪ್ರತಿ ವರ್ಷ ಅಕ್ಟೋಬರಿನಲ್ಲಿ ಆಟಗಳದೇ ಒಂದು ದೊಡ್ಡ ಜಾತ್ರೆ ನೆರೆಯುತ್ತದೆ. ಹೊಸ ಮಣೆಯಾಟಗಳಿಗೆ ಅದು ಸುಗ್ಗಿಯ ಕಾಲ. ಪುಣೆಯಲ್ಲಿ ಕಡತ ಕಟ್ಟುವ ನಮ್ಮಂಥ ಗುಮಾಸ್ತರಿಗೂ ಆ ಜಾತ್ರೆಗೂ ಏನು ನಂಟೆಂದು ವಾಚಕರು ನಗಬಹುದು. ನಂಟು ಇಷ್ಟೆ: ನಮ್ಮ ವಠಾರದ ನಾಲ್ಕು ಕನ್ನಡ ಮನೆಯವರು ಚಂದಾ ಎತ್ತಿ, 2023–24ರಲ್ಲಿ ಹೊರಬಂದ ಮೂರು ಆಟಗಳನ್ನು ತರಿಸಿದೆವು. ಒಬ್ಬರ ಸಂಬಳದಲ್ಲಿ ಆಗುವ ಮಾತಲ್ಲ.

ನೋಟಕ್ಕೆ ಚೆಲುವಾದದ್ದು ‘ಹಾರ್ಮನೀಸ್’. ಸರದಿ ಬಂದಾಗ ಮೂರು ಮರದ ಬಿಲ್ಲೆ ಎತ್ತಿ ನಮ್ಮ ನಮ್ಮ ಮಣೆಯ ಮೇಲಿಡಬೇಕು. ಕಂದಿನ ಮೇಲೆ ಹಸುರು ಕೂತರೆ ಮರ, ಬೂದು ಒಂದರ ಮೇಲೊಂದು ಏರಿದರೆ ಬೆಟ್ಟ, ನೀಲಿಯೆಂದರೆ ನೀರು. ಚೀಟಿಯಲ್ಲಿ ತೋರಿಸಿದಂತೆ ನೆಲ ಒದಗಿದರೆ ಪ್ರಾಣಿಗಳು ಬಂದು ನೆಲೆಸುತ್ತವೆ. ರಂಗೋಲಿಯ ಕೈಯಿರುವವರಿಗೆ ಸೊಗಸು. ಆದರೆ ಎಲ್ಲರೂ ತಂತಮ್ಮ ಮಣೆಗೆ ತಲೆ ತಗ್ಗಿಸಿ ಕೂತು ಮಾತೇ ಹುಟ್ಟುವುದಿಲ್ಲ.

2024ರಲ್ಲಿ ಜರ್ಮನಿಯ ‘ವರ್ಷದ ಆಟ’ ಪ್ರಶಸ್ತಿ ಪಡೆದ ‘ಸ್ಕೈ ಟೀಮ್’ ಇಬ್ಬರಿಗೆ ಮಾತ್ರ. ಒಬ್ಬರು ವಿಮಾನ ಚಾಲಕ, ಇನ್ನೊಬ್ಬರು ಸಹಚಾಲಕ. ತಲಾ ನಾಲ್ಕು ದಾಳ. ದಾಳ ಉರುಳಿದ ಮೇಲೆ ತುಟಿ ಬಿಚ್ಚುವಂತಿಲ್ಲ, ದಾಳ ಸರಿದೂಗದಿದ್ದರೆ ವಿಮಾನ ವಾಲುತ್ತದೆ. ಗಂಡಹೆಂಡಿರು ಆಡಿ ನೋಡಬೇಕು!

ನಮ್ಮ ಮತವೆಲ್ಲ ‘ಬಾಂಬ್ ಬಸ್ಟರ್ಸ್’ ಕಡೆಗೆ. ಜಪಾನಿನ ಹಿಸಾಶಿ ಹಯಾಶಿಯವರು ರಚಿಸಿದ ಇದಕ್ಕೆ 2025ರಲ್ಲಿ ಅದೇ ಪ್ರಶಸ್ತಿ ಬಂತು. ಒಂದರಿಂದ ಹನ್ನೆರಡರವರೆಗೆ ನಾಲ್ಕು ನಾಲ್ಕು ತಂತಿಯ ಬಿಲ್ಲೆಗಳು. ಪ್ರತಿಯೊಬ್ಬರೂ ತಮ್ಮವನ್ನು ಏರುವ ಕ್ರಮದಲ್ಲಿ, ತಮಗೆ ಮಾತ್ರ ಕಾಣುವಂತೆ ನಿಲ್ಲಿಸಿಕೊಳ್ಳುತ್ತಾರೆ. ತಮ್ಮಲ್ಲಿರುವ ಅಂಕೆಯೇ ಮತ್ತೊಬ್ಬರಲ್ಲಿ ಎಲ್ಲಿದೆಯೆಂದು ಊಹಿಸಿ, ಬೆರಳಿಟ್ಟು ಕೇಳಬೇಕು. ಊಹೆ ತಪ್ಪಿದರೆ ಬಾಂಬು ಸಿಡಿಯುವ ಗಳಿಗೆ ಹತ್ತಿರವಾಗುತ್ತದೆ. ಕೆಂಪು ತಂತಿ ಮುಟ್ಟಿದರೆ ಅಲ್ಲಿಗೇ ಮುಗಿಯಿತು. ಗೆದ್ದರೆ ಎಲ್ಲರೂ, ಸೋತರೆ ಎಲ್ಲರೂ.

ಈ ಆಟಕ್ಕೆ ನಮ್ಮ ತಾಯಿಯವರೂ ಕೂತರು. ತಂದೆಯವರು ಹೋದ ಮೇಲೆ ಹಾಸನದ ಕಡೆಯಿಂದ ನಮ್ಮಲ್ಲಿಗೆ ಬಂದವರು. ಕಿಟಕಿಯ ಬಳಿ ಕೂತರೆ ಏಳುತ್ತಿರಲಿಲ್ಲ. ನಮ್ಮ ಹುಡುಗನ ನಾಲಗೆಯೋ ಮರಾಠಿ, ಇಂಗ್ಲಿಷಿಗೆ ಒಗ್ಗಿದ್ದು. ಅಜ್ಜಿ ಕೇಳಿದ್ದಕ್ಕೆ ತಲೆಯಾಡಿಸಿ ಓಡಿಬಿಡುತ್ತಿದ್ದ. ಚೌಕಾಬಾರ, ಅಳಿಗುಳಿ ಮಣೆಗಳಲ್ಲಿ ಪಳಗಿದ ತಾಯಿಯವರಿಗೆ ಆಟದ ಹದ ಎರಡೇ ಸುತ್ತಿಗೆ ಸಿಕ್ಕಿತು.

“ಅಜ್ಜಿ, ಇದು ಇಲೆವನ್?”

“ಹಂಗಂದ್ರೇನೋ? ಕನ್ನಡದಲ್ಲಿ ಕೇಳು, ಹೇಳ್ತೀನಿ.”

ಬಸ್ಸಿನ ನಂಬರು ಓದಿಕೊಂಡು ಒಬ್ಬರೇ ದೇವಸ್ಥಾನಕ್ಕೆ ಹೋಗಿಬರುವ ಹೆಂಗಸು! ಹುಡುಗ ಬೆರಳು ಮಡಿಚಿ ಎಣಿಸಿ, “ಹನ್ನೊಂದು” ಎಂದ. ಆಗ ಬಿಲ್ಲೆ ಮಲಗಿತು. ಅಜ್ಜಿ ಸೆರಗು ಬಾಯಿಗಿಟ್ಟು ನಕ್ಕರು. ಆ ನಗು ಕೇಳಿ ನಮಗೆ ಎಷ್ಟು ದಿನವಾಗಿತ್ತೋ.

ಪೆಟ್ಟಿಗೆಯಲ್ಲಿ ಒಂದಕ್ಕಿಂತ ಒಂದು ಕಠಿನವಾದ 66 ಸಾಹಸಗಳಿವೆ. ನಾವು 14 ಮುಗಿಸಿದ್ದೇವೆ. ಕಾರ್ತಿಕಕ್ಕೆ ಊರಿಗೆ ಹೊರಡುತ್ತೇನೆಂದಿದ್ದ ತಾಯಿಯವರು ಮೊನ್ನೆ, ಇನ್ನೆಷ್ಟು ಉಳಿದಿವೆಯೋ ಎಂದು ಮೊಮ್ಮಗನನ್ನು ಕೇಳಿದರು.

“ಐವತ್ತು, ಮತ್ತೆ ಎರಡು.”

‘ಹಾರ್ಮನೀಸ್’ ಪೆಟ್ಟಿಗೆ ಸದ್ಯ ಯಾರೂ ಮುಟ್ಟದೆ ನಮ್ಮ ಬೀರುವಿನ ಮೇಲಿದೆ. ಆಡಬೇಕೆನ್ನುವ ಬಂಧುಗಳು ಕೇಳಿ ಒಯ್ಯಬಹುದು. ಬಿಲ್ಲೆ ಮಾತ್ರ ಎಣಿಸಿ ಹಿಂದಿರುಗಿಸಬೇಕು.