ಎಸ್.ಪಿ. ರಸ್ತೆಯಲ್ಲಿ ಬಿಸಿ ಇಳಿಸುವವರು

ಬೆಂಗಳೂರಿನ ಟೌನ್ ಹಾಲ್ ಬಳಿ ಬಸ್ಸಿಳಿದು ಎಸ್.ಪಿ. ರಸ್ತೆ ಎಲ್ಲಿ ಎಂದು ಕೇಳಿದರೆ ದಾರಿ ತೋರಿಸದವರಿಲ್ಲ. ಸಾದರ ಪತ್ರಪ್ಪ ರಸ್ತೆ ಎಂಬ ಪೂರ್ಣ ಹೆಸರು ಎಂಜಿನಿಯರಿಂಗ್ ಹುಡುಗರಿಗೆ ಬೇಕಾಗಿಯೇ ಇಲ್ಲ. ರೆಸಿಸ್ಟರ್‌ನಿಂದ ಮಾನಿಟರ್‌ವರೆಗೆ ಎಲ್ಲವೂ ಸಿಗುವ ಈ ಇಕ್ಕಟ್ಟಾದ ಬೀದಿಯಲ್ಲಿ ಸ್ಕೂಟರು, ತಳ್ಳುಗಾಡಿ, ರಟ್ಟಿನ ಪೆಟ್ಟಿಗೆಗಳ ನಡುವೆ ನುಸುಳುವುದೂ ಒಂದು ವಿದ್ಯೆಯೇ. ಭಾನುವಾರ ಮಾತ್ರ ಹೋಗಬೇಡಿ, ಬಹುತೇಕ ಅಂಗಡಿಗಳು ಮುಚ್ಚಿರುತ್ತವೆ.

ರಿಪೇರಿಯವರ ಮೇಜಿನ ಮುಂದೆ ಬೆನ್ನಿಗೆ ಭಾರದ ಚೀಲ ಹಾಕಿಕೊಂಡ ಹುಡುಗ, ಪಕ್ಕದಲ್ಲಿ ಅಪ್ಪ. ಇಂಥ ಜೋಡಿಗಳು ಇಲ್ಲಿ ನಿತ್ಯದ ನೋಟ. ಮಾತೂ ಹೆಚ್ಚುಕಡಿಮೆ ಒಂದೇ.

"ಗೇಮ್ ಹಾಕಿದ್ರೆ ಕಾದು ಕೆಂಡ ಆಗುತ್ತೆ ಅಣ್ಣಾ, ಆಮೇಲೆ ನಿಧಾನ. ಹೊಸದೇ ತಗೊಳ್ಬೇಕೇನೋ."

"ತಗೊಂಡು ಮೂರು ವರ್ಷ ಆಗಿಲ್ಲ ಕಣೋ!"

ಇಬ್ಬರ ಮಾತೂ ನಿಜ. ಪ್ರೊಸೆಸರ್ ನೂರು ಡಿಗ್ರಿಯ ಹತ್ತಿರ ಬಂದಾಗ ತನ್ನನ್ನು ಉಳಿಸಿಕೊಳ್ಳಲು ತಾನೇ ವೇಗ ತಗ್ಗಿಸುತ್ತದೆ. ಯಂತ್ರ ಹಳತಾಯಿತೆಂದು ನಾವು ತಿಳಿಯುವುದು ಎಷ್ಟೋ ಸಲ ಬರೀ ಬಿಸಿಯ ಫಲ.

ತಳದ ಮುಚ್ಚಳ ತೆರೆದರೆ ಗುಟ್ಟು ಕಾಣುತ್ತದೆ. ಚಿಪ್ಪಿನ ಮೇಲಿಂದ ಫ್ಯಾನಿನ ಕಡೆಗೆ ಚಪ್ಪಟೆ ತಾಮ್ರದ ಕೊಳವೆಗಳು ಹೋಗಿರುತ್ತವೆ. ಒಳಗೆ ತುಸುವೇ ದ್ರವ. ಬಿಸಿಯ ತುದಿಯಲ್ಲಿ ಅದು ಆವಿಯಾಗಿ, ತಂಪಿನ ತುದಿಯಲ್ಲಿ ಮತ್ತೆ ದ್ರವವಾಗಿ ಹಿಂದಿರುಗುತ್ತದೆ. 1963ರಲ್ಲಿ ಅಮೆರಿಕದ ಲಾಸ್ ಅಲಾಮೋಸ್ ಪ್ರಯೋಗಾಲಯದಲ್ಲಿ ಜಾರ್ಜ್ ಗ್ರೋವರ್ ರೂಪಿಸಿದ ಶಾಖ ಕೊಳವೆಯ ತತ್ವವೇ ಇದು. ಕೊಳವೆ ತಂದ ಶಾಖವನ್ನು ಬಾಚಣಿಗೆ ಹಲ್ಲಿನಂಥ ಲೋಹದ ಪಟ್ಟಿಗಳ ನಡುವಿನಿಂದ ಫ್ಯಾನ್ ಹೊರಗೆ ಊದುತ್ತದೆ. ಈ ಹಲ್ಲುಗಳಿಗೆ ಧೂಳು ಕಂಬಳಿಯಂತೆ ಕವಿದರೆ ಗಾಳಿಗೆ ದಾರಿಯೆಲ್ಲಿ?

ಇನ್ನೊಂದು ಅಡ್ಡಿ ಕಣ್ಣಿಗೆ ಕಾಣದ್ದು. ಚಿಪ್ಪು, ತಾಮ್ರ ಎರಡೂ ನಯವಾಗಿ ಕಂಡರೂ ನಡುವೆ ಸೂಕ್ಷ್ಮ ಸಂದುಗಳಿರುತ್ತವೆ. ಅಲ್ಲಿ ಗಾಳಿ ಉಳಿದರೆ ಕಷ್ಟ. ಏಕೆಂದರೆ ತಾಮ್ರವು ಗಾಳಿಗಿಂತ ಹತ್ತು ಸಾವಿರ ಪಟ್ಟಿಗೂ ಚೆನ್ನಾಗಿ ಶಾಖ ಸಾಗಿಸುತ್ತದೆ. ಸಂದು ತುಂಬುವುದಕ್ಕೇ ಥರ್ಮಲ್ ಪೇಸ್ಟ್. ವರ್ಷಗಳು ಕಳೆದಂತೆ ಅದು ಒಣಗುತ್ತದೆ, ಅಂಚಿಗೆ ಸರಿಯುತ್ತದೆ.

ನುರಿತ ಕೈ ಮೊದಲು ಬ್ಯಾಟರಿಯ ಸಂಪರ್ಕ ಬಿಡಿಸುತ್ತದೆ. ಫ್ಯಾನ್ ತಿರುಗದಂತೆ ಬೆರಳಿನಿಂದ ಹಿಡಿದು ಧೂಳು ತೆಗೆಯುತ್ತದೆ. ಹಳೆಯ ಪೇಸ್ಟನ್ನು ಐಸೋಪ್ರೊಪೈಲ್ ಆಲ್ಕೋಹಾಲ್‌ನಿಂದ ಒರೆಸಿ, ಹೊಸದನ್ನು ಚಿಪ್ಪಿನ ತುಂಬ ತೆಳುವಾಗಿ ಹರಡುತ್ತದೆ. ಮೆಮೊರಿ ಚಿಪ್ಪುಗಳ ಮೇಲಿನ ಪ್ಯಾಡ್ ಬದಲಿಸಿದರೆ ದಪ್ಪ ಅಷ್ಟೇ ಇರಬೇಕು. ದಪ್ಪವಾದರೆ ತಾಮ್ರದ ಫಲಕ ಪ್ರೊಸೆಸರಿಗೆ ಸರಿಯಾಗಿ ಕೂರದು.

ಕೆಲವು ಹುಡುಗರಿಗೆ ಇಷ್ಟಕ್ಕೆ ತೃಪ್ತಿಯಿಲ್ಲ, ದ್ರವ ಲೋಹ ಬೇಕೆನ್ನುತ್ತಾರೆ. ಗ್ಯಾಲಿಯಂ ಬೆರೆತ ಅದು ಶಾಖವನ್ನು ಚೆನ್ನಾಗಿ ಸಾಗಿಸುವುದು ನಿಜ. ಆದರೆ ವಿದ್ಯುತ್ತನ್ನೂ ಸಾಗಿಸುತ್ತದೆ. ಒಂದು ಹನಿ ಬೋರ್ಡಿಗೆ ಜಾರಿದರೆ ಲ್ಯಾಪ್‌ಟಾಪೇ ಹೋದೀತು. ಅಲ್ಯೂಮಿನಿಯಂ ತಾಗಿದರೆ ಅದನ್ನು ಕೊರೆಯುತ್ತದೆ. ತಳಕ್ಕೆ ತೂತು ಕೊರೆಸುವವರೂ ಇದ್ದಾರೆ. ತೂತು ತಪ್ಪಾದ ಜಾಗದಲ್ಲಿ ಬಿದ್ದರೆ ಗಾಳಿಯ ದಾರಿಯೇ ಕೆಡುತ್ತದೆ.

ಪೋಷಕರಿಗೆ ಒಂದು ಕಿವಿಮಾತು. ಮೊದಲು ಖರ್ಚಿಲ್ಲದ ದಾರಿ ನೋಡಿ. ಹಾಸಿಗೆಯ ಮೇಲೆ ಲ್ಯಾಪ್‌ಟಾಪ್ ಇಡಲು ಬಿಡಬೇಡಿ. ಮೇಜಿನ ಮೇಲಿಟ್ಟು ಹಿಂಬದಿಯನ್ನು ಎರಡು ಬೆರಳಿನಷ್ಟು ಎತ್ತರಿಸಿ. ಆಟದ ಫ್ರೇಮ್‌ಗಳನ್ನು ಸೆಕೆಂಡಿಗೆ 60ಕ್ಕೆ ಕಟ್ಟಿಹಾಕಿ. ಬ್ಯಾಟರಿ ಉಬ್ಬಿದ್ದರೆ ಮನೆಯಲ್ಲಿ ಬಿಚ್ಚಲೇಬೇಡಿ. ವಾರಂಟಿ ಇನ್ನೂ ಇದ್ದರೆ ಕಂಪನಿಯ ಸರ್ವೀಸ್ ಕೇಂದ್ರಕ್ಕೇ ಒಯ್ಯಿರಿ. ಇಲ್ಲದಿದ್ದರೆ ಎಸ್.ಪಿ. ರಸ್ತೆಯಲ್ಲಿ ಎರಡು ಅಂಗಡಿ ವಿಚಾರಿಸಿ, ನಿಮ್ಮೆದುರೇ ಬಿಚ್ಚಲು ಹೇಳಿ.

ಹೊರಡುವ ಮುನ್ನ ಮಗನಿಗೋ ಮಗಳಿಗೋ ಒಂದು ಕೆಲಸ ಒಪ್ಪಿಸಿ. ಅದೇ ಕೋಣೆಯಲ್ಲಿ ಅದೇ ಆಟ ಅರ್ಧ ಗಂಟೆ ಆಡಿದಾಗ ಪ್ರೊಸೆಸರ್ ಎಷ್ಟು ಡಿಗ್ರಿ ತಲುಪಿತು ಎಂಬುದನ್ನು ರಿಪೇರಿಗೆ ಮುಂಚೆ ಒಮ್ಮೆ, ಆದ ಮೇಲೆ ಒಮ್ಮೆ ಬರೆದಿಡಲಿ. ಧೂಳು ಕಟ್ಟಿದ ಯಂತ್ರದಲ್ಲಿ ಹತ್ತು ಡಿಗ್ರಿ ಇಳಿಯುವುದು ಅಪರೂಪವಲ್ಲ. ಹೊಸ ಲ್ಯಾಪ್‌ಟಾಪ್ ಬೇಕೇ ಬೇಡವೇ ಎಂಬ ಮನೆಯ ಜಗಳವನ್ನು ಆ ಎರಡು ಅಂಕಿಗಳನ್ನು ಮುಂದಿಟ್ಟುಕೊಂಡೇ ಬಗೆಹರಿಸಬಹುದು.