ಗೆಲ್ಲುವ ಮಾತು, ಸಲ್ಲುವ ಮಾತು

ಮಾತು ಅಲ್ಲಾಹನು ಮನುಷ್ಯನಿಗೆ ಕರುಣಿಸಿದ ಮಹಾ ಅನುಗ್ರಹ. ಸೂರಃ ಅರ್ರಹ್ಮಾನ್‌ನ ಆರಂಭದಲ್ಲಿ ಮನುಷ್ಯನ ಸೃಷ್ಟಿಯ ಪ್ರಸ್ತಾಪದ ಬೆನ್ನಿಗೇ ಅವನಿಗೆ ಮಾತು ಕಲಿಸಿದ ವಿಚಾರ ಬರುತ್ತದೆ. ಫಿರ್‌ಔನನ ಬಳಿಗೆ ಹೊರಟ ಮೂಸಾ(ಅ) ತನ್ನ ನಾಲಿಗೆಯ ತೊಡಕನ್ನು ನಿವಾರಿಸುವಂತೆ ಪ್ರಾರ್ಥಿಸಿದರು. ತನಗಿಂತ ನಿರರ್ಗಳವಾಗಿ ಮಾತನಾಡಬಲ್ಲ ಸಹೋದರ ಹಾರೂನ್(ಅ)ರನ್ನು ಜೊತೆಗೆ ಬೇಡಿಕೊಂಡರು. ಆದ್ದರಿಂದ ಭಾಷಣ ಮತ್ತು ಚರ್ಚಾಸ್ಪರ್ಧೆಗಳನ್ನು ಕಾಲಹರಣವೆಂದು ಹೇಳಿ ಮಕ್ಕಳನ್ನು ತಡೆಯುವುದು ಸರಿಯಲ್ಲ.

ನಾನು ದರ್ಸ್‌ನಲ್ಲಿ ಕಲಿಯುತ್ತಿದ್ದಾಗ ಗುರುವಾರ ರಾತ್ರಿಯೆಂದರೆ ಭಾಷಣದ ರಾತ್ರಿ. ಅತ್ಯಂತ ಕಿರಿಯನೂ ಎದ್ದು ನಿಂತು ನಾಲ್ಕು ಮಾತು ಆಡಲೇಬೇಕಿತ್ತು. ಇಂದಿನ ಮಕ್ಕಳಿಗೆ ಮೀಲಾದ್ ವೇದಿಕೆಯಿಂದ ಪ್ರತಿಭಾ ಕಾರಂಜಿಯವರೆಗೆ ಹಲವು ಅವಕಾಶಗಳಿವೆ. ಆದರೆ ಭಾಷಣದಲ್ಲಿಲ್ಲದ ಒಂದು ಇಕ್ಕಟ್ಟು ಚರ್ಚಾಸ್ಪರ್ಧೆಯಲ್ಲಿದೆ. ಪರವೋ ವಿರೋಧವೋ ಎಂಬುದನ್ನು ಅಲ್ಲಿ ಹಲವು ಬಾರಿ ಚೀಟಿಯೇ ನಿರ್ಧರಿಸುತ್ತದೆ. ಒಮ್ಮೆ ಹತ್ತನೇ ತರಗತಿಯ ವಿದ್ಯಾರ್ಥಿನಿಯೊಬ್ಬಳು ನನ್ನಲ್ಲಿ ಕೇಳಿದಳು: "ಉಸ್ತಾದ್, ನನಗೆ ಬಂದಿರುವುದು ನಾನು ಒಪ್ಪದ ಪಕ್ಷ. ಅದನ್ನು ಸಮರ್ಥಿಸಿದರೆ ಸುಳ್ಳು ಹೇಳಿದಂತಾಗುವುದಿಲ್ಲವೇ?"

ಹಗುರವಾಗಿ ಉತ್ತರಿಸುವ ಪ್ರಶ್ನೆ ಇದಲ್ಲ. ಪಕ್ಷವನ್ನು ಹಂಚಿಕೊಟ್ಟಿದ್ದಾರೆಂದು ಸಭೆಯಲ್ಲಿರುವ ಎಲ್ಲರಿಗೂ ಗೊತ್ತಿರುವಾಗ ಅಲ್ಲಿ ವಂಚನೆಯಿಲ್ಲ; ಅದೊಂದು ಅಭ್ಯಾಸ. ಭಿನ್ನಾಭಿಪ್ರಾಯದ ಹಿಂದಿನ ಕಾರಣವನ್ನು ಅರಿಯುವುದು ನಮ್ಮ ವಿದ್ವಾಂಸರ ಹಳೆಯ ಶಿಸ್ತು. 1198ರಲ್ಲಿ ನಿಧನರಾದ ಇಬ್ನ್ ರುಶ್ದ್ ತಮ್ಮ 'ಬಿದಾಯತುಲ್ ಮುಜ್ತಹಿದ್' ಗ್ರಂಥದಲ್ಲಿ ಕರ್ಮಶಾಸ್ತ್ರ ಪಂಡಿತರ ಭಿನ್ನ ನಿಲುವುಗಳನ್ನು ಮಾತ್ರವಲ್ಲ, ಅವರು ಏಕೆ ಭಿನ್ನರಾದರೆಂಬುದನ್ನೂ ವಿವರಿಸಿದ್ದಾರೆ. ಇನ್ನೊಬ್ಬನ ಪುರಾವೆಯನ್ನು ಅವನಷ್ಟೇ ಚೆನ್ನಾಗಿ ತಿಳಿದವನಿಗೆ ಮಾತ್ರ ಅದನ್ನು ನಿರಾಕರಿಸುವ ಅರ್ಹತೆಯಿದೆ.

ಹಾಗಾದರೆ ಪಾಪ ಆರಂಭವಾಗುವುದೆಲ್ಲಿ? ಬುಖಾರಿಯಲ್ಲಿ ವರದಿಯಾದ ಒಂದು ಹದೀಸ್‌ನ ಆಶಯ ಹೀಗಿದೆ: ಪ್ರವಾದಿ(ಸ)ರ ಬಳಿಗೆ ವ್ಯಾಜ್ಯ ತರುವವರಲ್ಲಿ ಒಬ್ಬನು ಇನ್ನೊಬ್ಬನಿಗಿಂತ ವಾಕ್ಚತುರನಾಗಿರಬಹುದು, ಕೇಳಿದ್ದನ್ನು ಆಧರಿಸಿ ಅವರು ತೀರ್ಪು ನೀಡುತ್ತಾರೆ, ಆದರೆ ಮಾತಿನ ಬಲದಿಂದ ಸಹೋದರನ ಹಕ್ಕನ್ನು ಪಡೆದವನು ಪಡೆಯುವುದು ನರಕಾಗ್ನಿಯ ತುಂಡನ್ನು. ತೀರ್ಪುಗಾರರು ಮೆಚ್ಚಿದ ಮಾತ್ರಕ್ಕೆ ಮಾತು ಸತ್ಯವಾಗುವುದಿಲ್ಲ ಎಂಬುದಕ್ಕೆ ಇದಕ್ಕಿಂತ ದೊಡ್ಡ ಎಚ್ಚರಿಕೆ ಬೇಕೇ? ಇಲ್ಲದ ಅಂಕಿ-ಅಂಶವನ್ನು ಹುಟ್ಟಿಸುವುದು, ಎದುರಾಳಿಯ ಮಾತನ್ನು ತಿರುಚುವುದು, ಅವನ ಉಚ್ಚಾರಣೆಯನ್ನು ಅಣಕಿಸಿ ಚಪ್ಪಾಳೆ ಗಿಟ್ಟಿಸುವುದು, ಇವೆಲ್ಲ ಆ ತುಂಡಿನ ಭಾಗಗಳೇ.

ಆದ್ದರಿಂದ ನನ್ನ ತರಗತಿಯಲ್ಲಿ ಮೂರು ನಿಯಮಗಳಿವೆ. ಖಂಡಿಸುವ ಮುನ್ನ ಎದುರಾಳಿಯ ವಾದವನ್ನು ಅವನು "ಹೌದು, ನಾನು ಹೇಳಿದ್ದು ಅದನ್ನೇ" ಎನ್ನುವಂತೆ ಮರಳಿ ಹೇಳಬೇಕು. ಯಾವುದೇ ಅಂಕಿ ನುಡಿದರೂ ಅದು ಎಲ್ಲಿಂದ ಬಂತೆಂದು ತಿಳಿಸಬೇಕು. ಚರ್ಚೆ ಮುಗಿದ ಬಳಿಕ ಪ್ರತಿಯೊಬ್ಬರೂ ಪಕ್ಷವನ್ನು ಬದಿಗಿಟ್ಟು ತಮ್ಮ ನಿಜವಾದ ಅಭಿಪ್ರಾಯವನ್ನು ಹೇಳಬೇಕು. ಈ ಮೂರನೆಯದೇ ಮಕ್ಕಳಿಗೆ ಬಲು ಕಷ್ಟ. ಗೆದ್ದ ಬಳಿಕ "ಎದುರಾಳಿಯ ಮಾತಿನಲ್ಲೂ ಸತ್ಯವಿತ್ತು" ಎನ್ನಲು ನಾಲಿಗೆಗಿಂತ ಹೆಚ್ಚಾಗಿ ಹೃದಯ ಪಳಗಿರಬೇಕು. ವಾದಕ್ಕಿಳಿದಾಗ ಸತ್ಯವು ತನ್ನ ನಾಲಿಗೆಯಿಂದ ಹೊರಟರೂ ಎದುರಾಳಿಯ ನಾಲಿಗೆಯಿಂದ ಹೊರಟರೂ ತನಗೆ ಸಮವೆಂದು ಭಾವಿಸಿದ್ದ ಇಮಾಂ ಶಾಫಿಈ(ರ)ರ ಹಾದಿ ಅದು.

ಹೆತ್ತವರಲ್ಲಿ ನನ್ನದೊಂದು ವಿನಂತಿ. ಸ್ಪರ್ಧೆಯಿಂದ ಮರಳಿದ ಮಗುವನ್ನು "ಎಷ್ಟನೇ ಬಹುಮಾನ?" ಎಂದು ಕೇಳುವ ಮೊದಲು, "ಎದುರಿನವರು ಹೇಳಿದ್ದರಲ್ಲಿ ನಿನಗೆ ಒಪ್ಪಿಗೆಯಾದದ್ದೇನು?" ಎಂದು ಕೇಳಿರಿ. ಅಲ್ಲಾಹನು ನಮ್ಮ ಮಕ್ಕಳ ನಾಲಿಗೆಗೆ ನಿರರ್ಗಳತೆಯನ್ನೂ ಅದಕ್ಕಿಂತ ಮಿಗಿಲಾಗಿ ಸತ್ಯಸಂಧತೆಯನ್ನೂ ದಯಪಾಲಿಸಲಿ. ಆಮೀನ್.