ಬಿಳಿ ಮನೆಯಲ್ಲೊಂದು ಹಳದಿ ಚುಕ್ಕಿ

ನಾವು ಬ್ರಿಸ್ಬೇನ್‌ಗೆ ಬಂದು ಎಂಟು ತಿಂಗಳಾಯ್ತು. ಬಾಡಿಗೆ ಮನೆ. ಇಲ್ಲಿ ಆಗಾಗ ಏಜೆಂಟ್ ಬಂದು ಗೋಡೆ, ನೆಲ ಎಲ್ಲ ನೋಡಿ ಹೋಗ್ತಾರೆ. ಹೋದ ವಾರ ನಾಲ್ಕು ವರ್ಷದ ಮಗಳು ಹಾಲ್ ಗೋಡೆಗೆ ಸ್ಟಿಕ್ಕರ್ ಅಂಟಿಸಿದ್ದಳು. ಕೀಳಲು ಹೋದರೆ ಪೇಂಟೂ ಜೊತೆಗೇ ಬಂತು. ಅಡ್ವಾನ್ಸ್ ದುಡ್ಡು ನೆನಪಾಗಿ ಜೋರಾಗಿಯೇ ಬೈದೆ. ಆಮೇಲೆ ಎರಡು ದಿನ ಅವಳು ಆ ಗೋಡೆಯ ಹತ್ತಿರ ಸುಳಿಯಲಿಲ್ಲ.

ಆ ಸಂಕಟಕ್ಕೇ ಭಾನುವಾರ ಅವಳನ್ನು ನದಿ ದಂಡೆಯ ಗೋಮಾಗೆ, ಅಂದರೆ ಇಲ್ಲಿನ ಆಧುನಿಕ ಕಲೆಯ ಗ್ಯಾಲರಿಗೆ ಕರೆದುಕೊಂಡು ಹೋದೆ. ಅಲ್ಲಿ ಜಪಾನಿನ ಕಲಾವಿದೆ ಯಾಯೋಯಿ ಕುಸಾಮಾ ಅವರ ‘ಅಬ್ಲಿಟರೇಷನ್ ರೂಮ್’ ಇತ್ತು. 2002ರಲ್ಲಿ ಇದೇ ಊರಲ್ಲಿ, ಮಕ್ಕಳಿಗಾಗಿಯೇ ಮಾಡಿದ್ದು. ಆಮೇಲೆ 2012ರಲ್ಲಿ ಲಂಡನ್, 2017ರಲ್ಲಿ ಸಿಂಗಪುರ ಎಲ್ಲ ನೋಡಿದೆ.

ಒಳಗೆ ಹೋದರೆ ಯಾರದೋ ಮನೆ ಥರವೇ. ಕುರ್ಚಿ, ಊಟದ ಮೇಜು, ಕಪಾಟು. ಮೊದಲ ದಿನ ಎಲ್ಲವೂ ಬರೀ ಬಿಳಿ. ಬಂದವರ ಕೈಗೆ ಬಣ್ಣಬಣ್ಣದ ದುಂಡು ಸ್ಟಿಕ್ಕರ್ ಹಾಳೆ ಕೊಡ್ತಾರೆ, ಎಲ್ಲಿ ಬೇಕಾದರೂ ಅಂಟಿಸಿ ಅಂತಾರೆ.

ಮಕ್ಕಳ ಪ್ರದರ್ಶನ ಅಂದರೆ ಗೋಡೆಗೆ ಕಾರ್ಟೂನ್ ಬರೆದು, ಚಿತ್ರಗಳನ್ನು ಸ್ವಲ್ಪ ಕೆಳಗೆ ತೂಗುಹಾಕಿದರೆ ಮುಗೀತು ಅಂದುಕೊಂಡಿದ್ದೆ. ಇಲ್ಲಿನ ಲೆಕ್ಕವೇ ಬೇರೆ. ಬ್ರಶ್ ಕೊಟ್ಟರೆ ‘ಚೆನ್ನಾಗಿ ಬರೆಯೋ ಮಗು’, ‘ಬರೆಯೋಕೆ ಬಾರದ ಮಗು’ ಅಂತ ಎರಡಾಗಿಬಿಡುತ್ತೆ. ಚುಕ್ಕಿಗೆ ಆ ಕಾಟವಿಲ್ಲ. ಪುಟ್ಟ ಬೆರಳು ಸಾಕು, ತಪ್ಪು ಜಾಗ ಅನ್ನೋದೇ ಇಲ್ಲ. ಇನ್ನು ಅದು ಮನೆಯ ಹಾಗೇ ಇರೋದರಲ್ಲಿ ದೊಡ್ಡ ಜಾಣತನವಿದೆ ಅನ್ನಿಸಿತು: ಮನೆಯಲ್ಲಿ ಬೈಸಿಕೊಂಡ ಕೆಲಸವನ್ನೇ ಇಲ್ಲಿ ಮಾಡಿ ಅಂತಿದ್ದಾರೆ! ನನ್ನ ಸೊಂಟದೆತ್ತರದ ತನಕ ಚುಕ್ಕಿಗಳ ಜಾತ್ರೆ. ಮೇಲಿದ್ದ ನಾಲ್ಕಾರು ನಮ್ಮಂಥ ದೊಡ್ಡವರದ್ದಿರಬೇಕು.

ನಮ್ಮವಳು ಮಾತ್ರ ಹಾಳೆ ಎದೆಗವಚಿಕೊಂಡು ನಿಂತೇ ಇದ್ದಳು.

‘ಅಮ್ಮಾ, ಇವರ ಏಜೆಂಟ್ ಬೈಯಲ್ವಾ?’

‘ಇಲ್ಲ ಪುಟ್ಟಾ, ಅಂಟಿಸು.’

ಒಂದು ಸಲ ನನ್ನ ಮುಖ ನೋಡಿದಳು. ಆಮೇಲೆ ಮೇಜಿನ ಕೆಳಗೆ ತೂರಿ, ಯಾರಿಗೂ ಕಾಣದ ಹಾಗೆ ಅದರ ಅಡಿಗೆ ಒಂದು ಹಳದಿ ಚುಕ್ಕಿ ಒತ್ತಿದಳು. ನನಗೆ ಗಂಟಲು ಕಟ್ಟಿತು. ಮಂಡಿಯೂರಿ ನಾನೂ ಒಳಗೆ ತೂರಿದೆ. ತಲೆಯೆತ್ತಿ ನೋಡಿದರೆ ಅಲ್ಲಿ ಆಗಲೇ ಎಷ್ಟೊಂದು ಚುಕ್ಕಿಗಳು!

‘ನೋಡಮ್ಮಾ,’ ಅಂದಳು ಪಿಸುದನಿಯಲ್ಲಿ, ‘ಇವರಿಗೂ ಅವರಮ್ಮ ಬೈದಿದ್ದಾರೆ.’

ಹಾಳೆ ಖಾಲಿಯಾಗುವ ತನಕ ಇಬ್ಬರೂ ಅಲ್ಲೇ ಕೂತಿದ್ದೆವು.